ಕೂಸಿನ ಪಾದಕ್ಕೆ ಕಟ್ಟಿದ ಬೆಳಕು

ನಿವೃತ್ತಿಯಾದ ಮೇಲೆ ಹಳೇ ವಿದ್ಯಾರ್ಥಿಗಳು ಆಗಾಗ ಫೋನು ಮಾಡುತ್ತಾರೆ. "ಮೇಡಂ, ನಾನೂ ನಿಮ್ಮ ಫೀಲ್ಡಿಗೇ ಬಂದುಬಿಟ್ಟೆ" ಅನ್ನುತ್ತಾರೆ. ಸಂತೋಷ ಕಣಪ್ಪಾ ಅನ್ನುತ್ತೇನೆ. ಅದರ ಹಿಂದೆಯೇ "ಕೆಲಸ ಹೇಗಿರುತ್ತೆ ಮೇಡಂ?" ಅಂತ ಪ್ರಶ್ನೆ. ಫೋನಿನಲ್ಲಿ ಏನಂತ ಹೇಳಲಿ? ಒಲೆಯ ಮೇಲೆ ಹಾಲಿರುತ್ತದೆ, ಅವರಿಗೆ ಬಸ್ಸು ಬಂದಿರುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಯಾವಾಗ ಯಾವ ಹುದ್ದೆ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ಅದನ್ನು ನನ್ನ ಬೀಳ್ಕೊಡುಗೆಯ ದಿನ ಓದಿಯಾಗಿದೆ, ಓದುವಾಗ ಹಿಂದಿನ ಸಾಲಿನವರು ಕೇಸರಿಬಾತು ತಿನ್ನುತ್ತಿದ್ದರು. ನಾನು ಹೇಳಬೇಕಾದದ್ದು ಬೇಲೂರಿನಲ್ಲಿ ಒಂದು ಕೂಸಿನ ಉಸಿರು ನಮ್ಮ ದೀಪದ ಮೇಲೆ ನಿಂತಿದ್ದ ಸಂಗತಿ. ಅದಕ್ಕೆ ಮೊದಲು ದೀಪ ಯಾವುದು ಅಂತ ಹೇಳಿಬಿಡುತ್ತೇನೆ.

ನಾನು ಕೆಮಿಸ್ಟ್ರಿಯವಳು. ಮನೆ ಹಳೇಬೀಡು, ಕೆಲಸ ಅರಸೀಕೆರೆ ಹತ್ತಿರದ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ. ಕೊನೆಯ ಕೆಲವು ವರ್ಷ ನಾವು ಹಿಡಿದದ್ದು ಒಂದೇ ಕೆಲಸ, ಬೆಳಕು ಕೊಡುವ ಸಾವಯವ ವಸ್ತುಗಳದ್ದು. ಸಾವಯವ ಅಂದ ಕೂಡಲೇ ಬಸ್ಸಿನಲ್ಲಿ ಪಕ್ಕ ಕೂತವರು "ಸಗಣಿ ಗೊಬ್ಬರ ಹಾಕಿ ಬೆಳೀತಾರಲ್ಲ, ಅದಾ?" ಅಂತ ಕೇಳುತ್ತಿದ್ದರು. ಅಲ್ಲಪ್ಪಾ! ಇಂಗಾಲದ ಅಣುಗಳಿಂದ ಕಟ್ಟಿದ, ಬಣ್ಣದಂಥ ಒಂದು ವಸ್ತು ಅದು. ಕೂದಲೆಳೆಗಿಂತ ಎಷ್ಟೋ ತೆಳ್ಳಗೆ ಅದನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಪದರಪದರವಾಗಿ ಕೂರಿಸಿ ಚೂರು ಕರೆಂಟು ಕೊಟ್ಟರೆ ಇಡೀ ಹಾಳೆಯೇ ತಣ್ಣಗೆ ಹೊಳೆಯುತ್ತದೆ. ಬಲ್ಬಿನ ಹಾಗೆ ಸುಡುವುದಿಲ್ಲ, ಬಟ್ಟೆಯ ಹಾಗೆ ಬಾಗುತ್ತದೆ. ಆ ಹೊಳಪನ್ನು ನಮ್ಮ ಕಣ್ಣಿಗೆ ತಿಳಿಯದಷ್ಟು ಬೇಗ ಹೆಚ್ಚುಕಮ್ಮಿ ಮಾಡಿದರೆ ಅದರಲ್ಲೇ ಸುದ್ದಿ ಕಳಿಸಬಹುದು. ನಮಗೆ ಅದು ಸುಮ್ಮನೆ ಉರಿಯುವ ದೀಪ, ಎದುರಿಗಿಟ್ಟ ಯಂತ್ರದ ಕಣ್ಣಿಗೆ ಮಾತು. ತಂತಿಯೂ ಬೇಡ, ರೇಡಿಯೋ ಅಲೆಯೂ ಬೇಡ.

ಕೇಳುವುದಕ್ಕೆ ಬಹಳ ಚೆನ್ನಾಗಿದೆ, ಮಾಡುವವರ ಪಾಡು ಕೇಳಬೇಡಿ. ಈ ವಸ್ತುವಿಗೆ ತೇವ ಅಂದರೆ ಎಣ್ಣೆ ಸೀಗೆಕಾಯಿ. ಗಾಳಿಯಲ್ಲಿನ ಒಂದಿಷ್ಟು ಪಸೆ ಒಳಗೆ ಹೋದರೂ ಸಾಕು, ಹಾಳೆಯ ಮೇಲೆ ಕಪ್ಪು ಚುಕ್ಕಿ ಬೀಳುತ್ತದೆ, ಚುಕ್ಕಿ ಬೆಳೆದು ಬೆಳಕನ್ನೇ ನುಂಗುತ್ತದೆ. ಮೊದಮೊದಲು ನನಗೆ ಒಂದು ಬುದ್ಧಿ ಹೊಳೆಯಿತು. ಉಪ್ಪಿನ ಡಬ್ಬಿಗೆ ಪಸೆ ಹಿಡಿಯದಿರಲಿ ಅಂತ ಅಕ್ಕಿಕಾಳು ಹಾಕುವುದಿಲ್ಲವೇ, ಹಾಗೇ ಸ್ಟೀಲ್ ಡಬ್ಬಿಗೆ ಹುರಿದ ಅಕ್ಕಿ ಸುರಿದು ಅದರ ಮೇಲೆ ನಮ್ಮ ಹಾಳೆಗಳನ್ನಿಟ್ಟು ಮುಚ್ಚಿದೆ. ಪಸೆಯೇನೋ ಹಿಡಿಯಲಿಲ್ಲ. ಅಕ್ಕಿಯ ನುಚ್ಚು ಹಾಳೆಗೆ ಚುಚ್ಚಿ, ಒಂದೊಂದು ಹಾಳೆಯೂ ಜರಡಿಯಾಗಿತ್ತು. ನಮ್ಮ ಮುಖ್ಯಸ್ಥರು ರಂಗನಾಥ್ ಸರ್ ಡಬ್ಬಿ ತೆಗೆದು ನೋಡಿ, "ವಿಜಯಾ ಮೇಡಂ, ಒಂದಿಷ್ಟು ಬೇಳೆಯನ್ನೂ ಹಾಕಿದ್ದರೆ ಮಧ್ಯಾಹ್ನಕ್ಕೆ ಬಿಸಿಬೇಳೆಬಾತಾದರೂ ಆಗ್ತಿತ್ತು" ಅಂದರು. ಆಮೇಲೆ ಒಣಗಾಳಿಯ ಪೆಟ್ಟಿಗೆ ಬಂತು, ಹಾಳೆಯ ಮೇಲೆ ಪಾರದರ್ಶಕ ಹೊದಿಕೆ ಬಳಿಯುವ ವಿಧಾನ ಬಂತು, ಹಾಳೆಯಿಂದ ಕತ್ತರಿಸಿದ ನಮ್ಮ ಪಟ್ಟಿಗಳು ವಾರಗಟ್ಟಲೆ ಬಾಳತೊಡಗಿದವು.

ರಂಗನಾಥ್ ಸರ್ ಬಗ್ಗೆ ಒಂದು ಮಾತು. ಬುದ್ಧಿವಂತರು, ಮನಸ್ಸು ಬೆಣ್ಣೆ. ಆದರೆ ಹೊರಗಿನವರು ನೋಡಲು ಬರುತ್ತಾರೆ ಅಂದರೆ ಹೆಣ್ಣು ನೋಡಲು ಬರುವ ದಿನ ಹೆಣ್ಣಿನ ಮನೆಯವರಿಗಿರುವ ಹಾಗೆ ಗಡಿಬಿಡಿ. ಎಲ್ಲ ನೀಟಾಗಿ ಕಾಣಬೇಕು, ಯಾವ ಯಂತ್ರವೂ ಬಂದವರ ಎದುರು ಕೆಮ್ಮಬಾರದು, ಸೀನಬಾರದು. ಮುಂದಿನ ಕಥೆಗೆ ಇದು ಬೇಕಾಗುತ್ತದೆ.

ಬೇಲೂರಿನಲ್ಲಿ ಒಂದು ಸಣ್ಣ ಹೆರಿಗೆ ಆಸ್ಪತ್ರೆ. ಅಲ್ಲಿನ ಮಕ್ಕಳ ಡಾಕ್ಟರು ನಮ್ಮ ಕಾಲೇಜಿನ ಪ್ರದರ್ಶನಕ್ಕೆ ಬಂದವರು ಹೊಳೆಯುವ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು ತುಂಬಾ ಹೊತ್ತು ನೋಡಿದರು. "ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಚರ್ಮ ಈರುಳ್ಳಿ ಸಿಪ್ಪೆ ಇದ್ದ ಹಾಗಿರುತ್ತೆ ಮೇಡಂ. ತಂತಿ ಅಂಟಿಸಿ ಕಿತ್ತರೆ ಚರ್ಮಾನೂ ಕಿತ್ತುಬರುತ್ತೆ. ವೈರ್‌ಲೆಸ್ ತರಿಸಿದ್ವಿ, ಒಂದು ತೊಟ್ಟಿಲಿನ ಲೆಕ್ಕ ಇನ್ನೊಂದರ ಪರದೆಗೆ ಬಂತು. ನಿಮ್ಮ ಬೆಳಕು ಹಾಗೆ ಮಾಡುತ್ತಾ?" ಅಂದರು. ಇಲ್ಲ ಅಂದೆವು. ತೊಟ್ಟಿಲು ಅಂದರೆ ಅಲ್ಲಿ ಕೂಸನ್ನು ಬೆಚ್ಚಗಿಡುವ ಮುಚ್ಚಳದ ಪೆಟ್ಟಿಗೆ, ಒಂದರ ಬೆಳಕು ಇನ್ನೊಂದರ ಮುಚ್ಚಳದೊಳಗಿನ ಯಂತ್ರದ ಕಣ್ಣಿಗೆ ಬೀಳುವುದಿಲ್ಲ.

ಅಂಥ ಕೂಸುಗಳ ಇನ್ನೊಂದು ಸಂಕಟ ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ. ಅವು ಒಮ್ಮೊಮ್ಮೆ ಉಸಿರಾಡುವುದನ್ನೇ ಮರೆತುಬಿಡುತ್ತವಂತೆ. ಅಂಗಾಲು ತಟ್ಟಿದರೆ, ಬೆನ್ನು ಉಜ್ಜಿದರೆ ಮತ್ತೆ ಶುರು ಮಾಡುತ್ತವೆ. ಆ ಗಳಿಗೆಯಲ್ಲಿ ಯಾರಾದರೂ ನೋಡಿರಬೇಕು, ಅಷ್ಟೇ. ನಮ್ಮ ಪಟ್ಟಿಯ ಕೆಲಸ ಅದೇ. ಪಾದಕ್ಕೆ ಸುತ್ತಿದರೆ ಒಳಮುಖದ ಬೆಳಕು ಪಾದದೊಳಗೆ ಹಾದು ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ತಿಳಿಯುತ್ತದೆ. ಅಂಗಾಲಿನ ಕಡೆಯ ಹೊರಮುಖದ ಬೆಳಕು ಅದನ್ನು ತೊಟ್ಟಿಲ ಮುಚ್ಚಳದಲ್ಲಿರುವ ಯಂತ್ರದ ಕಣ್ಣಿಗೆ ಹೇಳುತ್ತದೆ. ಪಕ್ಕದ ಪರದೆಯಲ್ಲಿ ಅಂಕಿ ಬರುತ್ತದೆ. ಅಂಕಿ ಇಳಿದರೆ ಕೂಗುತ್ತದೆ. ಇದು ಪ್ರಯೋಗವಾದ್ದರಿಂದ ಆಸ್ಪತ್ರೆಯ ಮಾಮೂಲಿ ತಂತಿಯ ಮಾನಿಟರ್ ಕೂಡ ಜೊತೆಗಿರಲೇಬೇಕು ಅನ್ನುವುದು ನಿಯಮ.

ಪಟ್ಟಿ ಕಟ್ಟಿಸಿಕೊಂಡ ಮೊದಲ ಕೂಸು ರೇಖಾಳದ್ದು. ಹಳೇಬೀಡಿನಾಚೆಯ ಒಂದು ಹಳ್ಳಿಯ ಹುಡುಗಿ, ಡಿಗ್ರಿ ಮಾಡಿದ್ದವಳು. ಎರಡು ಸಲ ಬಸಿರು ಕಳೆದುಕೊಂಡು ಮೂರನೆಯದು ಹೇಗೋ ದಕ್ಕಿತ್ತು, ಅದೂ ದಿನ ತುಂಬುವ ಮೊದಲೇ ಹುಟ್ಟಿಬಿಟ್ಟಿತ್ತು. ಗಂಡುಕೂಸು, ಅಂಗೈಯಗಲ ಬೆನ್ನು. ಬಾಣಂತನಕ್ಕೆ ಜೊತೆಗಿದ್ದವರು ರೇಖಾಳ ತಾಯಿ ನಿಂಗಮ್ಮ. ರಾಗಿ, ತೆಂಗು ಮಾಡಿಕೊಂಡಿರುವ ಮನೆಯವರು, ಗಟ್ಟಿ ದನಿ. ನಾನು ಮೊದಲ ದಿನ ಪಟ್ಟಿ ಸುತ್ತಿದಾಗ ಬಾಗಿಲಿಂದಲೇ ಬಗ್ಗಿ ನೋಡಿದರು.

"ಏನವ್ವಾ ಇದು, ನಮ್ ಕೂಸಿನ ಕಾಲಿಗೆ ಲೈಟ್ ಕಟ್ಟೀರಾ?"

"ಉಸಿರು ಸರಿಯಾಗಿದೆಯಾ ಅಂತ ಹೇಳೋ ದೀಪ ನಿಂಗಮ್ಮಾ."

"ಹೇಳ್ತದಾ? ಯಾರಿಗೆ?"

"ಆ ಪರದೆಗೆ."

"ಅದನ್ನ ನಮಗೇ ಹೇಳಬಾರ್ದಾಗಿತ್ತಾ?" ಅಂದರು. ನಗು ಬಂತು, ನಕ್ಕುಬಿಟ್ಟೆ.

ರೇಖಾ ನಗಲಿಲ್ಲ. ಅವಳು ಪರದೆಯ ಎದುರು ಸ್ಟೂಲು ಎಳೆದುಕೊಂಡು ಕೂತುಬಿಟ್ಟಳು. "ಮೇಡಂ, ಎಷ್ಟಿದ್ರೆ ಒಳ್ಳೇದು?" ಅಂತ ಕೇಳಿದಳು. ತೊಂಬತ್ತರ ಮೇಲಿದ್ದರೆ ಹೆದರಬೇಡ ಅಂತ ನಾನೇ ಹೇಳಿಕೊಟ್ಟೆ. ಅವತ್ತಿನಿಂದ ಅವಳ ಕಣ್ಣು ಆ ಅಂಕಿ ಬಿಟ್ಟು ಅಲುಗಲಿಲ್ಲ. ಊಟ ಮಾಡುವಾಗಲೂ ಅದನ್ನೇ ನೋಡುತ್ತಾ ತುತ್ತು ಬಾಯಿಗೆ ಇಡುತ್ತಿದ್ದಳು.

ಬಂದು ಹೋಗುವವರಿಗೆಲ್ಲ ಆ ಹೊಳೆಯುವ ಪಾದ ಒಂದು ಸೋಜಿಗ. ಪಕ್ಕದ ವಾರ್ಡಿನ ಬಾಣಂತಿಯರ ನೆಂಟರಿಷ್ಟರು, ಔಷಧಿ ಅಂಗಡಿಯವನು, ಎಲ್ಲರೂ ಗಾಜಿನ ಬಾಗಿಲಿಗೆ ಮೂಗು ಒತ್ತಿ ನೋಡುವವರೇ. ನಿಂಗಮ್ಮನಿಗೆ ಇದು ಹಿಡಿಸುತ್ತಿರಲಿಲ್ಲ. "ಏನ್ ಜಾತ್ರೇನಾ ಇದು, ನಡೀರಿ ಅತ್ಲಾಗೆ" ಅಂತ ಗದರಿ ಓಡಿಸುತ್ತಿದ್ದರು. ನಮಗೆ ಒಳಗೊಳಗೇ ಹೆಮ್ಮೆ. ರಂಗನಾಥ್ ಸರ್ ಅಂತೂ ಫೋಟೋ ತೆಗೆದಿದ್ದೇ ತೆಗೆದಿದ್ದು.

ಕಷ್ಟ ಶುರುವಾದದ್ದು ಕೂಗಿನಿಂದ. ಕೂಸು ಕಾಲು ಝಾಡಿಸಿದರೆ ಪಟ್ಟಿ ಆಚೆ ತಿರುಗುತ್ತದೆ, ಬೆಳಕು ಯಂತ್ರದ ಕಣ್ಣಿಗೆ ಬೀಳುವುದಿಲ್ಲ, ಪರದೆ ಖಾಲಿಯಾಗಿ ಕೀಂ ಅಂತ ಅರಚುತ್ತದೆ. ಕಾಲು ಈಚೆ ಬಂದರೆ ಮತ್ತೆ ಸರಿ. ಹೀಗೆ ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ. ಆ ಕೋಣೆಯ ಹಿರಿಯ ನರ್ಸು ಜಯಮ್ಮ ಸಿಸ್ಟರ್ ನನ್ನನ್ನು ಹಿಡಿದು ನಿಲ್ಲಿಸಿ, "ಅಲ್ಲಾ ಕಣ್ರೀ ಮೇಡಂ, ನಿಮ್ಮ ದೀಪ ಸುಮ್ಸುಮ್ನೆ ಬಡ್ಕೊಂಡು ಮಿಕ್ಕ ಕೂಸುಗಳನ್ನೂ ಎಬ್ಬಿಸ್ತದೆ. ಪ್ರತಿ ಸಲ ಓಡೋಡಿ ಬಂದು ನನ್ನ ಮಂಡಿ ಸವೀತು. ಹಿಂಗೇ ಆದ್ರೆ ಒಂದಿನ ನಿಜವಾಗಿ ಕೂಗಿದಾಗ ನಾವು ಬರೋದೇ ಇಲ್ಲ, ನೋಡ್ತಿರಿ" ಅಂದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ.

ಅದೇ ಹೊತ್ತಿಗೆ ಯೋಜನೆಗೆ ಹಣಸಹಾಯ ಮಾಡುವವರು ನೋಡಲು ಬರುತ್ತಾರೆ ಅಂತ ಸುದ್ದಿ ಬಂತು. ರಂಗನಾಥ್ ಸರ್ ಪ್ರೋಗ್ರಾಂ ಬರೆಯುವವರನ್ನು ಕರೆಸಿ ಒಂದು ಉಪಾಯ ಮಾಡಿಸಿದರು. ಬೆಳಕು ತಪ್ಪಿದ ಕೂಡಲೇ ಪರದೆ ಖಾಲಿಯಾಗುವ ಬದಲು, ಕೊನೆಗೆ ಬಂದ ಅಂಕಿಯನ್ನೇ ಹಿಡಿದಿಟ್ಟುಕೊಂಡಿರಲಿ, ಬೆಳಕು ಸಿಕ್ಕ ಮೇಲೆ ಹೊಸ ಅಂಕಿ ತೋರಿಸಲಿ ಅಂತ. "ಸ್ವಲ್ಪ ಹೊತ್ತು ಹಿಡಿದಿಡುತ್ತೆ ಮೇಡಂ, ಕಾಲು ಝಾಡಿಸೋ ಅಷ್ಟು ಹೊತ್ತು" ಅಂತ ನನಗೆ ಹೇಳಿದರು. ಸ್ವಲ್ಪ ಅಂದರೆ ಎಷ್ಟು ಅಂತ ನಾನೂ ಕೇಳಲಿಲ್ಲ, ಅವರೂ ಬರೆದವರನ್ನು ಕೇಳಿರಲಿಲ್ಲ. ಬರೆದವರು ಹೊಸ ಸುದ್ದಿ ಬರುವ ತನಕ ಅಂತ ಬರೆದು ಮುಗಿಸಿದ್ದರು. ಕೋಣೆ ಶಾಂತವಾಯಿತು, ಸಿಸ್ಟರ್ ಕೈಮುಗಿದರು, ಬಂದವರು ತಲೆದೂಗಿ ಕಾಫಿ ಕುಡಿದು ಹೋದರು.

ಅದಾದ ಮೇಲೆ ಒಂದು ಮಧ್ಯಾಹ್ನ ಪಟ್ಟಿ ಬದಲಾಯಿಸಲೆಂದು ಬೇಲೂರಿಗೆ ಹೋದೆ. ಕೋಣೆಯಲ್ಲಿ ಗಡಿಬಿಡಿ ಇತ್ತು. ಅರೇಹಳ್ಳಿ ಕಡೆಯಿಂದ ಮೈಯೆಲ್ಲ ನೀಲಿಗಟ್ಟಿದ್ದ ಒಂದು ಕೂಸನ್ನು ತಂದಿದ್ದರು. ಡಾಕ್ಟರು, ಜಯಮ್ಮ ಸಿಸ್ಟರ್, ಇನ್ನೊಬ್ಬ ನರ್ಸು, ಎಲ್ಲ ಆ ಮೂಲೆಯ ತೊಟ್ಟಿಲಿನ ಸುತ್ತ. ನಾನು ಕೈ ತೊಳೆದು ಗೌನು ಹಾಕಿಕೊಂಡು ನಮ್ಮ ತೊಟ್ಟಿಲಿನ ಹತ್ತಿರ ಹೋದೆ. ರೇಖಾ ಸ್ಟೂಲಿನ ಮೇಲೆ ಕೂತು ಪರದೆ ನೋಡುತ್ತಿದ್ದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಕಳೆ ಇತ್ತು.

"ಹೇಗಿದ್ದಾನಮ್ಮಾ?"

"ಚೆನ್ನಾಗಿದ್ದಾನೆ ಮೇಡಂ. ಆಗಿಂದಾನೂ ತೊಂಬತ್ತಾರು. ಒಂದ್ ಚೂರೂ ಇಳಿದಿಲ್ಲ, ಒಂದ್ ಚೂರೂ ಏರಿಲ್ಲ."

ನನಗೂ ಖುಷಿಯಾಯಿತು. ಹೌದು ಕಣ್ರೀ, ನನಗೂ ಖುಷಿಯೇ ಆಯಿತು. ಚೀಲದಿಂದ ಹೊಸ ಪಟ್ಟಿ ತೆಗೆಯುತ್ತಾ ಕೂಸಿನ ಪಾದದ ಕಡೆ ನೋಡಿದೆ. ಪಟ್ಟಿಯ ಹೊರಮುಖ ಹೊಳೆಯುತ್ತಿರಲಿಲ್ಲ. ಬೆಳಕು ಬರಬೇಕಾದ ಜಾಗದಲ್ಲಿ ಕಾಸಗಲದ ಕಪ್ಪು. ಅಯ್ಯೋ ಕರ್ಮವೇ, ಮತ್ತೆ ಪಸೆ ನುಗ್ಗಿತಲ್ಲ, ಹೊದಿಕೆ ಎಲ್ಲಿ ಬಿಟ್ಟುಕೊಂಡಿತೋ ಅಂತ ಮೊದಲು ಅನ್ನಿಸಿತು. ಉಗುರಿನಿಂದ ಕೆರೆದೆ. ಉಗುರಿಗೆ ಕಪ್ಪು ಮೆತ್ತಿಕೊಂಡಿತು. ಜಿಡ್ಡು ಜಿಡ್ಡು. ಮೂಗಿಗೆ ಹಿಡಿದರೆ ಹರಳೆಣ್ಣೆಯ ವಾಸನೆ. ಕಾಡಿಗೆ.

ತಲೆ ಎತ್ತಿ ಪರದೆ ನೋಡಿದೆ. ತೊಂಬತ್ತಾರು. ಕೂಸಿನ ಅಂಕಿ ಒಂದು ಗಳಿಗೆಯೂ ನಿಂತಲ್ಲಿ ನಿಲ್ಲುವುದಿಲ್ಲ, ತೊಂಬತ್ತೈದು, ತೊಂಬತ್ತೇಳು ಅಂತ ಆಡುತ್ತಲೇ ಇರಬೇಕು. ದೀಪಕ್ಕೆ ಕಾಡಿಗೆ ಮೆತ್ತಿದ್ದರೆ ಈ ತೊಂಬತ್ತಾರು ಯಾವಾಗಿನದು? ತಂತಿಯ ಮಾನಿಟರ್ ಇರಬೇಕಲ್ಲ ಅಂತ ಈ ಕಡೆ ತಿರುಗಿದರೆ ಅದು ಅಲ್ಲಿಲ್ಲ. ನಮ್ಮದು ಚೆನ್ನಾಗಿ ನಡೆಯುತ್ತಿದೆಯಲ್ಲ ಅಂತ ಅದನ್ನು ಮೂಲೆಯ ನೀಲಿ ಕೂಸಿಗೆ ಒಯ್ದಿದ್ದರು. ಆಗ ಕೂಸಿನ ಎದೆ ನೋಡಿದೆ. ಎದೆ ಆಡುತ್ತಿರಲಿಲ್ಲ. ತುಟಿ ಸ್ಲೇಟಿನ ಬಣ್ಣಕ್ಕೆ ತಿರುಗಿತ್ತು.

"ಸಿಸ್ಟರ್!" ಅಂತ ಕಿರುಚಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಜಯಮ್ಮ ಒಂದೇ ಹೆಜ್ಜೆಗೆ ಬಂದ ಹಾಗೆ ಬಂದರು. ಅಂಗಾಲಿಗೆ ಬೆರಳಿನಿಂದ ಚಟ್ ಅಂತ ಹೊಡೆದರು. ಇಲ್ಲ. ಮತ್ತೆ ಹೊಡೆದರು. ಇಲ್ಲ. ಕವುಚಿ ಹಾಕಿ ಬೆನ್ನು ಉಜ್ಜಿದರು. ಡಾಕ್ಟರು ಅಷ್ಟರಲ್ಲಿ ಬಂದು ಮೂಗಿನ ಮೇಲೆ ಪುಟ್ಟ ಮಾಸ್ಕ್ ಇಟ್ಟು ಗಾಳಿಚೀಲ ಒತ್ತತೊಡಗಿದರು. ಒತ್ತು, ಬಿಡು, ಒತ್ತು, ಬಿಡು. ರೇಖಾ ಎದ್ದು ನಿಂತು ನನ್ನ ತೋಳು ಹಿಡಿದು ಜಗ್ಗುತ್ತಿದ್ದಳು. "ತೊಂಬತ್ತಾರು ಐತಲ್ಲಾ ಮೇಡಂ? ತೊಂಬತ್ತಾರು ಐತಲ್ಲಾ? ಯಾಕ್ ಮೇಡಂ ಹಂಗ್ ಒತ್ತಾವ್ರೆ? ತೊಂಬತ್ತಾರು ಐತಲ್ಲಾ?" ಅವಳು ಕಾಲೇಜಿನ ಭಾಷೆಯನ್ನೆಲ್ಲ ಮರೆತಿದ್ದಳು. ಅವಳು ಹೇಳಿದ್ದು ಸುಳ್ಳಲ್ಲ. ಅಷ್ಟು ಹೊತ್ತೂ ಪರದೆಯಲ್ಲಿ ಆ ಅಂಕಿ ಹಸಿರಾಗಿ ಉರಿಯುತ್ತಲೇ ಇತ್ತು.

ಕೊನೆಗೆ ಕೂಸು ಒಮ್ಮೆ ಬಿಕ್ಕಿತು. ಇನ್ನೊಮ್ಮೆ ಬಿಕ್ಕಿತು. ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಅತ್ತಿತು. ಜಯಮ್ಮ "ಅಪ್ಪಾ ದೇವರೇ" ಅಂತ ತೊಟ್ಟಿಲಿಗೆ ಹಣೆ ಆನಿಸಿದರು. ಡಾಕ್ಟರು ನನ್ನ ಕಡೆ ತಿರುಗಿ, "ಎಷ್ಟು ಹೊತ್ತು ನಿಂತಿತ್ತು ಮೇಡಂ ಉಸಿರು?" ಅಂತ ಕೇಳಿದರು.

ಅದನ್ನು ಹೇಳಬೇಕಾದದ್ದು ನಮ್ಮ ಯಂತ್ರ. ಅದರ ಪ್ರಕಾರ ಉಸಿರು ನಿಂತೇ ಇರಲಿಲ್ಲ. ನನಗೆ ಗೊತ್ತಿಲ್ಲ ಅಂದೆ. "ಸ್ವಲ್ಪ ಹೊತ್ತಾದ್ರೆ ಚಿಂತೆಯಿಲ್ಲ. ಜಾಸ್ತಿ ಆಗಿದ್ರೆ ಮಿದುಳಿಗೆ ಏನಾಗಿದೆಯೋ ಈಗಲೇ ಹೇಳೋಕಾಗಲ್ಲ. ಕಾದು ನೋಡಬೇಕು" ಅಂದರು. ನಲವತ್ತು ಸಲ ಪರೀಕ್ಷೆ ಮಾಡಿದ ಪಟ್ಟಿ ಅಂತ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು.

ಅಷ್ಟರಲ್ಲಿ ನಿಂಗಮ್ಮ ಊಟದ ಡಬ್ಬಿ ತೊಳೆದುಕೊಂಡು ಬಂದರು. ಜಯಮ್ಮ ಸಿಸ್ಟರ್ ಪಟ್ಟಿಯನ್ನು ಅವರ ಮುಖದೆದುರು ಹಿಡಿದರು. "ಯಾರ್ರೀ ಇದಕ್ಕೆ ಕಾಡಿಗೆ ಮೆತ್ತಿದ್ದು?"

"ನಾನೇ ಕಣವ್ವ. ಬಂದೋರೆಲ್ಲಾ ಆ ದೀಪಾನೇ ನೋಡ್ತಾರೆ, ಎಂಥೆಂಥಾ ಕಣ್ಣೋ ಏನೋ. ದೃಷ್ಟಿ ಆಗ್ಬಾರ್ದು ಅಂತ ಒಂದ್ ಬೊಟ್ಟಿಟ್ಟೆ. ನೀವು ಕೆನ್ನೆಗಿಡಬ್ಯಾಡ, ಮೈಗೆ ಮುಟ್ಟಿಸಬ್ಯಾಡ ಅಂದಿದ್ರಲ್ಲಾ, ಅದಕ್ಕೇ ಮಗೀಗೆ ಮುಟ್ಟಿಸಲೇ ಇಲ್ಲ. ದೀಪಕ್ಕಿಟ್ಟೆ."

ನಡೆದದ್ದು ತಿಳಿದ ಮೇಲೆ ಆಕೆ ಡಬ್ಬಿ ಕೆಳಗೆ ಹಾಕಿ ಎರಡೂ ಕೈಯಲ್ಲಿ ತಲೆ ಚಚ್ಚಿಕೊಂಡರು. ರೇಖಾ ಅವ್ವನ ಮುಖ ನೋಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಸ್ಟೂಲನ್ನು ಪರದೆಯ ಕಡೆಯಿಂದ ತಿರುಗಿಸಿ ತೊಟ್ಟಿಲಿಗೆ ಒತ್ತಿ ಹಾಕಿಕೊಂಡು ಕೂತಳು. "ನಾನು ಇಲ್ಲೇ ಇದ್ದೆ. ಪಕ್ಕದಲ್ಲೇ ಇದ್ದೆ" ಅಂತ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಮಾರನೇ ದಿನ ಡಾಕ್ಟರ ಕೋಣೆಯಲ್ಲಿ ಸಭೆ. ಆಸ್ಪತ್ರೆಯವರು ನಿಂಗಮ್ಮನನ್ನು ಆ ಕೋಣೆಗೆ ಬಿಡಬಾರದು ಅಂತ ತೀರ್ಮಾನಿಸಿಯಾಗಿತ್ತು, ಆಕೆ ಹೊರಗಿನ ಬೆಂಚಿನ ಮೇಲೆ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದರು. ರಂಗನಾಥ್ ಸರ್ ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ, ಕಣ್ಣು ಕೆಂಡವಾಗಿತ್ತು. ವರದಿಯ ಕರಡು ಓದಿದರು. 'ಮಗುವಿನ ಕಡೆಯವರು ಸಾಧನಕ್ಕೆ ಅಡ್ಡಿ ಮಾಡಿದ್ದರಿಂದ' ಅಂತ ಶುರುವಾಗಿತ್ತು ಅದು. ಡಾಕ್ಟರು ಹೌದೌದು ಅನ್ನುವಂತೆ ತಲೆಯಾಡಿಸಿದರು. ನನಗೆ ಮೈ ಉರಿದುಹೋಯಿತು. ನನ್ನ ಬಾಯಿ ಮೊದಲಿಂದಲೂ ನನ್ನ ಮಾತು ಕೇಳುವುದಿಲ್ಲ.

"ಸರ್, ಈ ಸೀಮೇಲಿ ಕೂಸಿಗೆ ಬೊಟ್ಟು ಎಲ್ಲಿಡ್ತಾರೆ?"

"ಕೆನ್ನೆಗೆ... ಅಂಗಾಲಿಗೆ" ಅಂದರು.

"ನಿಮ್ಮ ಮಕ್ಕಳಿಗೂ ಇಟ್ಟಿದ್ರಲ್ಲ?"

"ನಮ್ಮಮ್ಮ ಇಡ್ತಿದ್ರು."

"ನನಗೂ ಇಟ್ಟಿದ್ರು. ಜಯಮ್ಮನವರೂ ಇಟ್ಟಿರ್ತಾರೆ. ಹುಟ್ಟಿದ ಕೂಸಿಗೆಲ್ಲ ಅಂಗಾಲಿಗೆ ಕಾಡಿಗೆ ಇಡೋ ಊರಲ್ಲಿ, ಸರಿಯಾಗಿ ಅಂಗಾಲಿಗೇ ದೀಪ ಕಟ್ಟಿದವರು ನಾವು. ಇರುಳು ಕಂಡ ಬಾವೀಲಿ ಹಗಲು ಬಿದ್ವಿ. ಆಯಮ್ಮ ಇಡದೇ ಇದ್ರೂ ಒಂದಿನ ಕೂಸಿನ ಬಟ್ಟೆ ಸರಿದು ಬೆಳಕು ಮುಚ್ಚಿಕೊಳ್ತಿತ್ತು, ಆಗಲೂ ನಿಮ್ಮ ಪರದೆ ತೊಂಬತ್ತಾರು ಅಂತಿತ್ತು. ಕೇಳಿಸದೇ ಇದ್ದಾಗ ಕೇಳಿಸ್ತಿಲ್ಲ ಅಂತ ಹೇಳೋಕೆ ಬಿಡದೇ ಇದ್ದದ್ದು ಯಾರು ಸರ್? ಅದನ್ನ ಬರೀರಿ ಮೊದಲ ಸಾಲಲ್ಲಿ."

ಅಷ್ಟು ವರ್ಷದಲ್ಲಿ ನಾನು ಅವರಿಗೆ ಎದುರು ಹೇಳಿದ್ದು ಅದೇ ಮೊದಲಲ್ಲ, ಆದರೆ ಅವರು ಎದುರುವಾದ ಹೂಡದೆ ಒಪ್ಪಿದ್ದು ಅದೇ ಮೊದಲು. ರಂಗನಾಥ್ ಸರ್ ಕರಡಿನ ಹಾಳೆ ಹರಿದು ಜೇಬಿಗೆ ಹಾಕಿಕೊಂಡರು. "ಮೇಡಂ, ಆ ಅಂಕಿ ಹಿಡಿದಿಡಿಸಿದ್ದು ನಾನು. ಅದನ್ನೇ ಬರೀತೀನಿ" ಅಂದರು. ಎದ್ದು ಹೊರಗೆ ಹೋಗಿ ಬೆಂಚಿನ ಮೇಲೆ ನಿಂಗಮ್ಮನ ಪಕ್ಕ ಕೂತರು. ಏನು ಮಾತಾಡಿದರೋ ನನಗೆ ತಿಳಿಯದು. ಸ್ವಲ್ಪ ಹೊತ್ತಿನ ಮೇಲೆ ಜಯಮ್ಮ ಸಿಸ್ಟರೇ ಹೋಗಿ ಆಕೆಯನ್ನು ಒಳಗೆ ಕರೆತಂದರು, ಕೈ ತೊಳೆಸಿ, ಸೆರಗಿನ ತುದಿಯ ಗಂಟಿನಲ್ಲಿದ್ದ ಕಾಡಿಗೆ ಡಬ್ಬಿ ಈಸಿಕೊಂಡು.

ಆಮೇಲಿನ ದಿನಗಳು ಹೇಗೆ ಕಳೆದವು ಅಂತ ಕೇಳಬೇಡಿ. ಕೂಸು ಉಸಿರಾಡುತ್ತಿತ್ತು, ಆದರೆ ಹಾಲು ಚೀಪುತ್ತಿರಲಿಲ್ಲ. ತುಟಿಗೆ ಹನಿ ಬಿಟ್ಟರೆ ಹೊರಗೆ ಹರಿಯುತ್ತಿತ್ತು. ಮಿದುಳು ಸರಿಯಿದ್ದರೆ ಚೀಪುವುದನ್ನು ಕಲಿಯಬೇಕು, ಕಾಯೋಣ ಅನ್ನುತ್ತಿದ್ದರು ಡಾಕ್ಟರು. ನಾನು ದಿನಾ ಅರಸೀಕೆರೆಯಿಂದ ನೇರ ಬೇಲೂರಿಗೆ ಹೋಗಿ ಆಮೇಲೆ ಮನೆಗೆ ಬರುತ್ತಿದ್ದೆ. ಬಸ್ಸಿನಲ್ಲಿ ಕೂತು ಬೇಡದ ದೇವರಿಲ್ಲ. ಬಾಗಿಲಲ್ಲಿ ಕಾಲಿಡುವಾಗ ರೇಖಾಳ ಮುಖ ನೋಡಲು ಧೈರ್ಯವಾಗದೆ ಜಯಮ್ಮನ ಮುಖ ನೋಡುತ್ತಿದ್ದೆ. ಅವರು ಇಲ್ಲ ಅಂತ ತಲೆಯಾಡಿಸುತ್ತಿದ್ದರು.

ಆ ಮಧ್ಯೆ ಕೈ ಸುಮ್ಮನಿರಬಾರದು ಅಂತ ಕೆಲಸ ಮಾಡಿದೆವು. ಬೆಳಕು ತಪ್ಪಿದ ತಕ್ಷಣ ಅಂಕಿ ಅಳಿಸಿಹೋಗಬೇಕು, ಅದರಲ್ಲಿ ರಾಜಿಯಿಲ್ಲ ಅಂತ ಬದಲಾಯಿಸಿದೆವು. ಸುಮ್ಮಸುಮ್ಮನೆ ಕೂಗದಿರಲಿ ಅಂತ ತೊಟ್ಟಿಲ ಮುಚ್ಚಳದಲ್ಲಿ ಒಂದರ ಬದಲು ನಾಲ್ಕು ಮೂಲೆಗೆ ನಾಲ್ಕು ಕಣ್ಣು ಕೂರಿಸಿದೆವು, ಕಾಲು ಎತ್ತ ತಿರುಗಿದರೂ ಯಾವುದಾದರೊಂದಕ್ಕೆ ಬೆಳಕು ಸಿಗುತ್ತದೆ. ಇದನ್ನು ಮೊದಲೇ ಮಾಡಬಹುದಾಗಿತ್ತು. ಹೊರಮುಖದ ಬೆಳಕನ್ನು ಅಂಗಾಲಿನಿಂದ ಎತ್ತಿ ಪಾದದ ಮೇಲ್ಭಾಗಕ್ಕೆ ತಂದೆವು. ಪಟ್ಟಿಯ ಅಂಚಿನಲ್ಲಿ, ಬೆಳಕಿಲ್ಲದ ಜಾಗದಲ್ಲಿ, ಒಂದು ದುಂಡನೆಯ ಕಪ್ಪು ಬೊಟ್ಟನ್ನು ನಾವೇ ಅಚ್ಚು ಹಾಕಿದೆವು. "ಇದನ್ನ ಪ್ರಬಂಧದಲ್ಲಿ ಏನಂತ ಬರೀಲಿ ಮೇಡಂ?" ಅಂತ ರಂಗನಾಥ್ ಸರ್ ಕೇಳಿದರು. ದೃಷ್ಟಿಬೊಟ್ಟು ಅಂತಲೇ ಬರೀರಿ ಅಂದೆ. ಹಾಗೇ ಬರೆದರು. 

ಒಂದು ಸಂಜೆ ಹೋದಾಗ ಬಾಗಿಲಲ್ಲಿ ಜಯಮ್ಮ ಇರಲಿಲ್ಲ. ಒಳಗೆ ಹೋದರೆ ಎಲ್ಲರೂ ನಮ್ಮ ತೊಟ್ಟಿಲಿನ ಹತ್ತಿರ. ರೇಖಾಳ ಸೆರಗಿನೊಳಗಿಂದ ಚಪ್ ಚಪ್ ಅಂತ ಸಣ್ಣ ಸದ್ದು ಬರುತ್ತಿತ್ತು. ಅವಳ ಕಣ್ಣಲ್ಲಿ ನೀರು ಧಾರೆಯಾಗಿತ್ತು. ನಾನು ಹೊರಗೆ ಬಂದು ನಲ್ಲಿಯ ಹತ್ತಿರ ನಿಂತು ಜೋರಾಗಿ ಅತ್ತೆ. ಔಷಧಿ ಅಂಗಡಿಯವನು ಏನೋ ಕೆಟ್ಟದ್ದಾಗಿದೆ ಅಂದುಕೊಂಡು ಓಡಿಬಂದ.

ಆಮೇಲೆ ಸುಧಾರಿಸಿತು. ಪರೀಕ್ಷೆಗಳೆಲ್ಲ ಮುಗಿದು, ಡಾಕ್ಟರು ಇನ್ನು ಭಯವಿಲ್ಲ, ಕರೆದುಕೊಂಡು ಹೋಗಿ ಅಂದರು. ಹೊರಡುವ ದಿನ ಪಟ್ಟಿ ಬಿಚ್ಚಲು ನಾನೇ ಹೋದೆ. ಅವತ್ತಿನ ಘಟನೆಯ ಮೇಲೆ ರೇಖಾ ಮೊದಲ ಸಲ ನನ್ನ ಜೊತೆ ಸಲೀಸಾಗಿ ಮಾತಾಡಿದಳು. "ಮನೇಲಿ ಪರದೆ ಇರಲ್ಲ ಮೇಡಂ. ಹೆಂಗೆ ಗೊತ್ತಾಗುತ್ತೆ?" ಅಂದಳು. ಡಾಕ್ಟರು ಇನ್ನು ಬೇಡ ಅಂದಿದ್ದಾರಮ್ಮ, ಆದರೂ ಭಯವಾದರೆ ಎದೆಯ ಮೇಲೆ ಕೈ ಇಟ್ಟು ನೋಡು ಅಂದೆ. "ಇಟ್ಟೇ ಇರ್ತೀನಿ" ಅಂದಳು. 

ನಿಂಗಮ್ಮ ಕೂಸನ್ನು ಹಳೇ ಹತ್ತಿ ಸೀರೆಯಲ್ಲಿ ಸುತ್ತಿಕೊಂಡು ಬಂದು, ನಾನು ಬೇಡ ಬೇಡ ಅನ್ನುವುದರೊಳಗೆ ನನ್ನ ತೋಳಿನಲ್ಲಿ ಇಟ್ಟುಬಿಟ್ಟರು.

"ಯಾರಂಗವ್ನೆ ಹೇಳಿ ಮೇಡಂ? ನಮ್ಮೋರೆಲ್ಲಾ ಅವರಪ್ಪನಂಗೆ ಅಂತಾರೆ. ನಂಗೆ ನನ್ ಮಗಳಂಗೇ ಕಾಣ್ತಾನೆ. ದಿನಾ ನೋಡಿದೋರು ನೀವು, ನೀವೇ ಹೇಳಿ."

ದಿನಾ ನೋಡಿದವಳು ಹೌದು. ಆ ಪಾದವನ್ನು ಸಾವಿರ ಪಾದದ ನಡುವೆ ಇಟ್ಟರೂ ಗುರುತು ಹಿಡಿಯಬಲ್ಲೆ. ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿಕೊಂಡಿತ್ತು, ಹಿಮ್ಮಡಿಯ ಮೇಲೆ ಸಾಸಿವೆಯಷ್ಟು ಮಚ್ಚೆಯಿತ್ತು. ಪಾದ, ಪಟ್ಟಿ, ಪರದೆ. ಅವತ್ತು ತುಟಿ ಸ್ಲೇಟಾದದ್ದನ್ನು ಬಿಟ್ಟರೆ, ಅಷ್ಟು ದಿನದಲ್ಲಿ ನಾನು ಆ ಕೂಸಿನ ಮುಖ ನೋಡಿಯೇ ಇರಲಿಲ್ಲ. ಯಾರ ಹಾಗೆ ಅಂತ ಹೇಳಲಿ?

"ಗೊತ್ತಿಲ್ಲ ನಿಂಗಮ್ಮಾ" ಅಂದೆ. "ಮುಖ ಈಗಲೇ ನೋಡ್ತಿರೋದು."

ಬೈಯುತ್ತಾರೆ ಅಂದುಕೊಂಡೆ. ಆಕೆ ಕೂಸಿನ ತಲೆಯ ಮೇಲಿದ್ದ ಸೀರೆಯ ಮಡಿಕೆಯನ್ನು ಹಿಂದಕ್ಕೆ ಸರಿಸಿ, ಕಿಟಕಿಯ ಬೆಳಕು ಬೀಳುವ ಹಾಗೆ ನನ್ನನ್ನು ಭುಜ ಹಿಡಿದು ತಿರುಗಿಸಿದರು.

"ಹಂಗಾದ್ರೆ ನೋಡಿ ತಾಯಿ" ಅಂದರು. "ಕಣ್ತುಂಬಾ ನೋಡಿ. ಬಸ್ಸಿಗೆ ಇನ್ನೂ ಹೊತ್ತೈತೆ."